ಕುರ್ಚಿ ಬಿಟ್ಟೆದ್ದ ಮೇಲೆ ಉಳಿಯುವ ಮಾತು

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ಭಾರತದ ಜನಸಾಮಾನ್ಯರಿಗೆ ಇಂಟರ್‌ನೆಟ್ಟಿನ ಬಾಗಿಲು ತೆರೆಯಿತು. 2025ಕ್ಕೆ ಮೂವತ್ತು ವರ್ಷ ತುಂಬಿತು. ವೇಗ ಎಷ್ಟು ಪಟ್ಟು ಹೆಚ್ಚಿತು, ಬೆಲೆ ಎಷ್ಟು ಇಳಿಯಿತು ಎಂಬ ಲೆಕ್ಕಗಳನ್ನು ಬೇರೆಯವರು ಹಾಕಿದ್ದಾರೆ. ಅಷ್ಟಾಗಿ ಯಾರೂ ಕೈಹಾಕದ ಲೆಕ್ಕವೊಂದು ಉಳಿದಿದೆ. ಹತ್ತು ಜನ ಕೂತೇಳುವ ಒಂದು ಕಂಪ್ಯೂಟರಿನಲ್ಲಿ ಇಬ್ಬರು ಆಡಿಕೊಂಡ ಮಾತು ಆ ಇಬ್ಬರದೇ ಆಗಿ ಉಳಿಯಲೆಂದು ಈ ಮೂವತ್ತು ವರ್ಷದಲ್ಲಿ ನಾವು ಏನು ಮಾಡಿಕೊಂಡೆವು, ಏನು ಬಿಟ್ಟೆವು?

ಮೊದಲೇ ಹೇಳಿಬಿಡುತ್ತೇವೆ: ತಂತಿಯಲ್ಲಿ ಸಾಗುವ ಮಾತಿಗೆ ಬಿದ್ದಿರುವ ಬೀಗ ಈಗ ಬಹಳ ಗಟ್ಟಿ. ಕೂತು ಟೈಪ್ ಮಾಡಿದ ಕುರ್ಚಿಯ ಸುತ್ತ ಮಾತ್ರ ಹೆಚ್ಚೇನೂ ಬದಲಾಗಿಲ್ಲ. ಅಲ್ಲಿಯ ಕಾವಲನ್ನು ಕಂಪನಿಗಳೂ ಸರ್ಕಾರವೂ ‘ಲಾಗೌಟ್ ಮಾಡಲು ಮರೆಯಬೇಡಿ’ ಎಂಬ ಒಂದು ಸಾಲಿನಲ್ಲಿ ಬಳಕೆದಾರರ ಹೆಗಲಿಗೇ ಹೊರಿಸಿ ಕೈತೊಳೆದುಕೊಂಡಿವೆ. ಹಂಚಿಕೊಂಡು ಬಳಸುವ ಕಂಪ್ಯೂಟರ್ ಎಂದರೆ ಬಡತನದ ತಾತ್ಕಾಲಿಕ ಘಟ್ಟ, ಎಲ್ಲರ ಕೈಗೂ ಸ್ವಂತದ್ದು ಬಂದ ಮೇಲೆ ತಾನಾಗಿ ಮಾಯವಾಗುತ್ತದೆ ಎಂಬ ನಂಬಿಕೆ ಈ ಉದಾಸೀನದ ಹಿಂದಿತ್ತು. ಆ ನಂಬಿಕೆ ಹುಸಿಯಾಗಿದೆ.

ಕೆಫೆ ಕಾಫಿ ಡೇ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಮಳಿಗೆ ಕಾಫಿಯ ಜೊತೆಗೆ ಇಂಟರ್‌ನೆಟ್ ಮಾರುವ ಸೈಬರ್ ಕೆಫೆಯಾಗಿತ್ತು ಎಂಬುದು ಇಂದಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಕೆಲವೇ ವರ್ಷಗಳಲ್ಲಿ ಹುಬ್ಬಳ್ಳಿ, ಮಂಗಳೂರು, ದಾವಣಗೆರೆ, ಎಲ್ಲ ಕಡೆಯೂ ಕಾಲೇಜುಗಳ ಆಸುಪಾಸಿನಲ್ಲಿ, ಬಸ್‌ಸ್ಟ್ಯಾಂಡಿನ ಎದುರಿನಲ್ಲಿ ‘ಬ್ರೌಸಿಂಗ್ ಸೆಂಟರ್’ ಬೋರ್ಡು ಎದ್ದವು. ಎಷ್ಟೋ ಕಡೆ ಎಸ್‌ಟಿಡಿ ಬೂತಿನ ಮಾಲೀಕರೇ ನಾಲ್ಕು ಕಂಪ್ಯೂಟರ್ ತಂದಿಟ್ಟು ಸೈಬರ್ ಮಾಡಿಕೊಂಡರು. ಬೂತಿನಲ್ಲಿ ಗಾಜಿನ ಬಾಗಿಲಿತ್ತು. ಎಳೆದುಕೊಂಡು ಮಾತಾಡಿದರೆ ಹೊರಗಿನವರಿಗೆ ಮುಖ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಅಲ್ಲಿ ಉಳಿಯುತ್ತಿದ್ದುದು ನಂಬರು, ಹೊತ್ತು, ದುಡ್ಡು ಇಷ್ಟು ಮಾತ್ರ ಅಚ್ಚಾದ ಚೀಟಿ. ಅದರ ಪಕ್ಕದಲ್ಲಿ ಬಂದು ಕೂತ ಕಂಪ್ಯೂಟರಿಗೆ ಪ್ಲೈವುಡ್ಡಿನ ಮರೆ ಇತ್ತು ನಿಜ. ಆದರೆ ಗಿರಾಕಿ ಎದ್ದುಹೋದ ಮೇಲೆ ಮಾತೇ ಒಳಗೆ ಉಳಿಯುತ್ತಿತ್ತು. ಇದು ಗಿರಾಕಿಗೆ ತಿಳಿದಿರಲಿಲ್ಲ. ಮಾಲೀಕನಿಗೂ ಪೂರ್ತಿ ತಿಳಿದಿತ್ತೆಂದು ಹೇಳುವಂತಿಲ್ಲ.

ಸೈಬರಿಗೆ ಹೋಗುತ್ತಿದ್ದವರೆಲ್ಲ ಪಡ್ಡೆ ಹುಡುಗರು ಎಂಬುದು ಆಗಿನ ದೊಡ್ಡವರು ಕಟ್ಟಿಕೊಂಡ ಚಿತ್ರ. ಕರಾವಳಿಯಲ್ಲಿ ಗಂಡ ಗಲ್ಫಿಗೆ ಹೋಗಿದ್ದ ಹೆಣ್ಣುಮಕ್ಕಳು ಹೆಡ್‌ಫೋನ್ ಸಿಕ್ಕಿಸಿಕೊಂಡು ಮೆಲುದನಿಯಲ್ಲಿ ಮಾತಾಡಿ ಹೋಗುತ್ತಿದ್ದರು. ಅಮೆರಿಕದಲ್ಲಿರುವ ಮಗನ ಮೇಲ್ ನೋಡಲು ಬರುವ ನಿವೃತ್ತ ಮೇಷ್ಟ್ರುಗಳಿದ್ದರು; ಕೀಬೋರ್ಡು ಒಗ್ಗದೆ ಪಾಸ್‌ವರ್ಡನ್ನು ಅಂಗಡಿಯ ಹುಡುಗನ ಕೈಲೇ ಹಾಕಿಸಿ, ಸೊಸೆಯ ಬಸಿರಿನ ಸುದ್ದಿಯನ್ನು ಅವನ ಬಾಯಿಂದಲೇ ಕೇಳಿಸಿಕೊಂಡು, ಉತ್ತರವನ್ನೂ ಅವನಿಂದಲೇ ಬರೆಸಿ ಎದ್ದುಹೋಗುತ್ತಿದ್ದರು. ಕೆಲಸ ಬದಲಿಸಲು ಹೊರಟವರು, ಮನೆಯವರು ಒಪ್ಪದ ಮದುವೆಯ ಮಾತಾಡುವವರು, ಹೊರಗೆ ಹೇಳಿಕೊಳ್ಳಲಾಗದ ಕಾಯಿಲೆಗೆ ಔಷಧ ಕೇಳುವವರು, ಎಲ್ಲರ ಗುಟ್ಟೂ ಅದೇ ನಾಲ್ಕು ಯಂತ್ರಗಳಲ್ಲಿ.

ಇಲ್ಲೊಂದು ಬೆಂಗಳೂರಿನ ನಂಟಿದೆ. 1996ರ ಜುಲೈ 4ರಂದು ಶುರುವಾದ ಹಾಟ್‌ಮೇಲ್ ಅನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಳೆದದ್ದು ಈ ಊರಿನಲ್ಲಿ. ಅವರೂ ಜ್ಯಾಕ್ ಸ್ಮಿತ್ ಅವರೂ ಕ್ಯಾಲಿಫೋರ್ನಿಯಾದ ಒಂದೇ ಕಂಪನಿಯಲ್ಲಿ ಕೆಲಸಕ್ಕಿದ್ದಾಗ ಸ್ವಂತ ಉದ್ಯಮದ ಯೋಜನೆಯನ್ನು ಒಬ್ಬರಿಗೊಬ್ಬರು ಬರೆದುಕೊಳ್ಳಬೇಕಿತ್ತು. ಆಫೀಸಿನ ಮೇಲ್‌ನಲ್ಲಿ ಬರೆದರೆ ಮೇಲಿನವರ ಕಣ್ಣಿಗೆ ಬೀಳುವ ಭಯ. ಸ್ವಂತ ಖಾತೆ ತೆರೆಯೋಣವೆಂದರೆ ಕಂಪನಿಯ ಫೈರ್‌ವಾಲ್ ಅಡ್ಡ. ಬ್ರೌಸರಿನಲ್ಲೇ ಮೇಲ್ ಓದುವಂತಾದರೆ ಯಾವ ಕಂಪ್ಯೂಟರಾದರೂ ನಡೆದೀತಲ್ಲ ಎಂಬ ಯೋಚನೆ ಹುಟ್ಟಿದ್ದು ಆ ಇಕ್ಕಟ್ಟಿನಲ್ಲಿ. ಅಂದರೆ ಬೇರೆಯವರ ಯಂತ್ರದಲ್ಲಿ ಕೂತು ಖಾಸಗಿ ಮಾತಾಡುವ ಅಗತ್ಯವೇ ಅದರ ಮೂಲ. 1997ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರಿಗೆ ಕೊಂಡಿತು. ಯಾವ ಕಂಪ್ಯೂಟರಿನಲ್ಲಾದರೂ ಮೇಲ್ ತೆರೆಯುವ ಸ್ವಾತಂತ್ರ್ಯ ಸಿಕ್ಕಿತು. ತೆರೆದ ಕಂಪ್ಯೂಟರಿನಲ್ಲೆಲ್ಲ ಗುರುತು ಬಿಟ್ಟುಹೋಗುವ ಪೀಡೆಯೂ ಅದರ ಬೆನ್ನಿಗೇ ಬಂತು.

ಗುರುತು ಉಳಿಯುವುದಕ್ಕೆ ಕಾರಣ ಯಾರ ದುರುದ್ದೇಶವೂ ಅಲ್ಲ. ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ 1994ರಲ್ಲಿ ರೂಪಿಸಿದ ಕುಕಿ ಎಂಬ ಪುಟ್ಟ ಕಡತದ ಕೆಲಸ, ಒಮ್ಮೆ ಪಾಸ್‌ವರ್ಡ್ ಕೊಟ್ಟವರನ್ನು ಪ್ರತಿ ಪುಟಕ್ಕೂ ಮತ್ತೆ ಕೇಳದಂತೆ ನೋಡಿಕೊಳ್ಳುವುದು. ಬ್ರೌಸರಿನ ಕಿಟಕಿ ಮುಚ್ಚಿದರೂ ಎಷ್ಟೋ ಕುಕಿಗಳು ಸಾಯುವುದಿಲ್ಲ. ಮುಂದಿನ ಗಿರಾಕಿ ಅದೇ ತಾಣ ತೆರೆದರೆ ಹಿಂದಿನವರ ಅಂಚೆಪೆಟ್ಟಿಗೆಯೇ ತೆರೆದುಕೊಳ್ಳುತ್ತದೆ. 1999ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಟೈಪ್ ಮಾಡಿದ ಹೆಸರು, ಪಾಸ್‌ವರ್ಡುಗಳನ್ನು ನೆನಪಿಟ್ಟು ತಾನೇ ತುಂಬಿಕೊಡುವ ಸೌಲಭ್ಯ ಬಂತು. ಮನೆಯಲ್ಲಿ ಒಬ್ಬರೇ ಬಳಸುವ ಯಂತ್ರಕ್ಕೆ ಅದು ಹಿತವಾಗಿತ್ತು. ಸೈಬರಿನಲ್ಲಿ ಒಂದಕ್ಷರ ಒತ್ತಿದರೆ ಸಾಕು, ಆ ಅಕ್ಷರದಿಂದ ಶುರುವಾಗುವ ಊರಿನ ಐಡಿಗಳೆಲ್ಲ ಸಾಲಾಗಿ ಕೆಳಗೆ ಜಾರಿ ನಿಲ್ಲುತ್ತಿದ್ದವು. ಯಂತ್ರ ಒಬ್ಬರದೇ ಎಂದು ತಿಳಿದು ಬರೆದ ತಂತ್ರಾಂಶ ಅದು. ಬರೆದವರ ಊರಿನಲ್ಲಿ ಪರಿಸ್ಥಿತಿ ಹಾಗೇ ಇತ್ತು.

ಯಾಹೂ ಮೆಸೆಂಜರಿನ ಕಥೆ ಇನ್ನೂ ಸ್ವಾರಸ್ಯದ್ದು. 1998ರಲ್ಲಿ ಯಾಹೂ ಪೇಜರ್ ಎಂದು ಬಂದು ಮರುವರ್ಷ ಹೆಸರು ಬದಲಿಸಿಕೊಂಡ ಅದು, ಹಳಬರೆಲ್ಲ ಬಿಟ್ಟುಹೋದ ಮೇಲೆ, 2018ರ ಜುಲೈ 17ರಂದು ಮುಚ್ಚಿತು. ಮಾತುಕತೆಯನ್ನು ಕಾಪಿಡುವ ಸೌಲಭ್ಯ ಅದರಲ್ಲಿತ್ತು. ಕಾಪಿಡುವ ಜಾಗ ಮಾತ್ರ ಎದುರಿಗಿರುವ ಕಂಪ್ಯೂಟರಿನ ಹಾರ್ಡ್‌ಡಿಸ್ಕು. ಕಡತ ತೆರೆದರೆ ಅರ್ಥವಾಗದ ಚಿಹ್ನೆಗಳ ರಾಶಿ ಕಾಣುತ್ತಿದ್ದುದರಿಂದ ಭದ್ರವಾಗಿದೆ ಎನಿಸುತ್ತಿತ್ತು. ಆ ರಾಶಿಯನ್ನು ಮತ್ತೆ ಮಾತಾಗಿಸುವ ಕೀಲಿ ಬೇರೇನೂ ಅಲ್ಲ, ಬಳಕೆದಾರರ ಯಾಹೂ ಐಡಿ. ಆ ಐಡಿಯೋ, ಕಡತ ಇಟ್ಟ ಫೋಲ್ಡರಿನ ಹೆಸರಾಗಿಯೇ ಅಲ್ಲಿ ಬರೆದಿರುತ್ತಿತ್ತು. ಇದನ್ನು ಬಿಡಿಸಿ ತೋರಿಸುವ ಪುಟ್ಟ ತಂತ್ರಾಂಶಗಳು ಪುಕ್ಕಟೆ ಸಿಗುತ್ತಿದ್ದವು. ಬೀಗದ ಕೈಯನ್ನು ಬೀಗಕ್ಕೇ ಕಟ್ಟಿಟ್ಟ ಈ ಜಾಣತನಕ್ಕೆ ಒಂದು ತಲೆಮಾರಿನ ಪ್ರೇಮಪತ್ರಗಳು ಒಪ್ಪಿಸಿಕೊಂಡಿದ್ದವು.

ಇವೆಲ್ಲ ಅಜಾಗರೂಕತೆಯಿಂದ ಉಳಿದ ಗುರುತುಗಳಾದರೆ, ಬೇಕೆಂದೇ ಕದಿಯುವವರ ದಾರಿ ಇನ್ನೊಂದು. ಒತ್ತಿದ ಪ್ರತಿ ಕೀಲಿಯನ್ನೂ ಗುಟ್ಟಾಗಿ ಬರೆದಿಡುವ ಕೀಲಾಗರ್. ನ್ಯೂಯಾರ್ಕಿನ ಮ್ಯಾನ್‌ಹಟ್ಟನ್‌ನಲ್ಲಿ ಕಿಂಕೋಸ್ ಎಂಬ ಝೆರಾಕ್ಸ್ ಮಳಿಗೆಗಳ ಸಾರ್ವಜನಿಕ ಕಂಪ್ಯೂಟರುಗಳಲ್ಲಿ ಒಬ್ಬ ಅದನ್ನು ಸೇರಿಸಿಟ್ಟು ಎರಡು ವರ್ಷದ ಹತ್ತಿರ ಸುಮ್ಮನೆ ಫಸಲು ಕೊಯ್ದ. 450ಕ್ಕೂ ಹೆಚ್ಚು ಜನರ ಪಾಸ್‌ವರ್ಡು ಅವನ ಕೈಸೇರಿದ್ದವು. 2003ರಲ್ಲಿ ತಪ್ಪೊಪ್ಪಿಕೊಂಡ. ಅವನು ಸಿಕ್ಕಿಬಿದ್ದದ್ದರಿಂದ ನಮಗೆ ತಿಳಿಯಿತು, ಅಷ್ಟೇ. ನಮ್ಮ ಬಸ್‌ಸ್ಟ್ಯಾಂಡುಗಳ ಎದುರಿನ ಕಂಪ್ಯೂಟರುಗಳನ್ನು ಆ ದೃಷ್ಟಿಯಿಂದ ಬಿಚ್ಚಿ ನೋಡುವ ಪರಿಪಾಠ ಎಂದೂ ಬೆಳೆಯಲಿಲ್ಲ.

ಸರ್ಕಾರ ಆಗ ಬೇರೆಯದೇ ಚಿಂತೆಯಲ್ಲಿತ್ತು. ಸೈಬರ್ ಅಪರಾಧಕ್ಕೆಂದೇ ದೇಶದ ಮೊದಲ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಬೆದರಿಕೆ ಮೇಲ್ ಎಲ್ಲಿಂದ ಬಂತೆಂದು ಹುಡುಕಿಕೊಂಡು ಹೋದರೆ ಯಾವುದೋ ಸೈಬರಿನ ಖಾಲಿ ಕುರ್ಚಿ ಸಿಗುತ್ತಿದ್ದ ಕಾಲ. ಭಯೋತ್ಪಾದನೆಯ ನೆರಳೂ ಇತ್ತು. ಹಾಗಾಗಿ ಸೈಬರಿನ ಗಿರಾಕಿ ಎಂದರೆ ಮೊದಲು ಶಂಕಿತ, ಆಮೇಲೆ ಉಳಿದದ್ದು. ಈ ನೋಟದ ಪೂರ್ಣರೂಪ 2011ರ ಏಪ್ರಿಲ್‌ನಲ್ಲಿ ಕೇಂದ್ರ ಹೊರಡಿಸಿದ ಸೈಬರ್ ಕೆಫೆ ಮಾರ್ಗಸೂಚಿ ನಿಯಮಗಳಲ್ಲಿದೆ. ಗುರುತಿನ ಚೀಟಿ ತೋರಿಸದೆ ಯಾರನ್ನೂ ಕೂರಿಸಬಾರದು. ಆ ಚೀಟಿಯ ನಕಲನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು. ಯಾರು ಯಾವ ಕಂಪ್ಯೂಟರಿನಲ್ಲಿ ಎಷ್ಟು ಹೊತ್ತು ಕೂತರು ಎಂಬ ರಿಜಿಸ್ಟರು, ಯಾವ ಯಾವ ತಾಣ ನೋಡಲಾಯಿತು ಎಂಬ ದಾಖಲೆ, ಇವೂ ಒಂದು ವರ್ಷ. ನಡುವಿನ ಮರೆಯ ಎತ್ತರ ನೆಲದಿಂದ ನಾಲ್ಕೂವರೆ ಅಡಿ ಮೀರಬಾರದು. ಮರೆ ಇಲ್ಲದ ಕಡೆ ಪರದೆಗಳು ಎಲ್ಲರಿಗೂ ಕಾಣುವಂತೆ ಹೊರಮುಖವಾಗಿರಬೇಕು.

ಆ ನಾಲ್ಕೂವರೆ ಅಡಿಗೆ ಸಮರ್ಥನೆ ಇಲ್ಲವೆಂದಲ್ಲ. ಎತ್ತರದ ಕ್ಯಾಬಿನ್ನುಗಳಲ್ಲಿ ಹುಡುಗಿಯರಿಗೆ ಕಾಟ ಕೊಟ್ಟವರಿದ್ದರು, ಕಳ್ಳ ಕ್ಯಾಮೆರಾದ ಭಯವಿತ್ತು, ಚಿಕ್ಕ ಮಕ್ಕಳು ಶಾಲೆ ತಪ್ಪಿಸಿ ಒಳಸೇರುತ್ತಿದ್ದರು. ಅವೆಲ್ಲ ನಿಜವಾದ ತೊಂದರೆಗಳೇ. ಆದರೆ ನಿಯಮಗಳನ್ನು ಓದುತ್ತಾ ಹೋದರೆ ಒಂದು ಗೈರುಹಾಜರಿ ಕಣ್ಣಿಗೆ ಹೊಡೆಯುತ್ತದೆ. ಗಿರಾಕಿ ಎದ್ದ ಮೇಲೆ ಅವರ ಗುರುತುಗಳನ್ನು ಯಂತ್ರದಿಂದ ಅಳಿಸಬೇಕೆಂದು ಮಾಲೀಕನನ್ನು ಕಟ್ಟಿಹಾಕುವ ಸಾಲು ಅಲ್ಲಿಲ್ಲ. ಕಾಪಿಡಬೇಕಾದದ್ದರ ಪಟ್ಟಿ ಉದ್ದಕ್ಕಿದೆ. ಕಾಪಿಟ್ಟದ್ದನ್ನು ಮಾಲೀಕನ ಭಾವಮೈದುನ ನೋಡದಂತೆ ತಡೆಯುವುದು ಹೇಗೆಂಬ ಚಿಂತೆ ಕಾಣುವುದಿಲ್ಲ. ಗುರುತಿನ ಚೀಟಿಯ ನಕಲುಗಳು ಆಡಿಟ್ ಇಲ್ಲ, ಕಪಾಟಿಗೆ ಬೀಗ ಇಲ್ಲ ಎಂಬ ಸ್ಥಿತಿಯಲ್ಲಿ ರಟ್ಟಿನ ಡಬ್ಬಗಳಲ್ಲಿ ಪೇರಿಕೊಂಡವು. ಬೇರೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಎಂಬ 66ಸಿ ಕಲಂ 2009ರ ಅಕ್ಟೋಬರಿನಿಂದ ಜಾರಿಯಲ್ಲಿತ್ತು ನಿಜ. ಅದು ಕಳ್ಳತನ ಆದ ಮೇಲಿನ ಮಾತು.

ತಂತ್ರಾಂಶ ಕಂಪನಿಗಳು ಈ ನಡುವೆ ಎಚ್ಚೆತ್ತವು, ಅರೆಬರೆಯಾಗಿ. ಆ್ಯಪಲ್‌ನ ಸಫಾರಿಯಲ್ಲಿ 2005ರಲ್ಲಿ ಖಾಸಗಿ ಕಿಟಕಿ ಬಂತು. 2008ರಲ್ಲಿ ಗೂಗಲ್ ಕ್ರೋಮ್ ಅದನ್ನೇ ಇನ್‌ಕಾಗ್ನಿಟೊ ಎಂದು ತಂದಿತು, ಮರುವರ್ಷ ಮೈಕ್ರೋಸಾಫ್ಟ್ ಮತ್ತು ಫೈರ್‌ಫಾಕ್ಸ್ ಹಿಂಬಾಲಿಸಿದವು. ಮನೆಯವರಿಗೆ ತಿಳಿಯದಂತೆ ಹುಟ್ಟುಹಬ್ಬದ ಉಡುಗೊರೆ ಹುಡುಕಲು ಎಂದು ಕಂಪನಿಗಳು ಮುಗ್ಧವಾಗಿ ವಿವರಿಸಿದವು. ಜನ ಯಾವುದಕ್ಕೆ ಬಳಸಿದರೆಂಬುದು ಎಲ್ಲರಿಗೂ ಗೊತ್ತಿರುವ ವಿಚಾರ. ಆ ಕುಹಕದಲ್ಲಿ ಅದರ ಒಳ್ಳೆಯ ಉಪಯೋಗ ಮುಚ್ಚಿಹೋಯಿತು. ಹಂಚಿಕೊಂಡ ಕಂಪ್ಯೂಟರಿನಲ್ಲಿ ಮೇಲ್ ನೋಡುವವರಿಗೆ, ಮುಗಿದ ಮೇಲೆ ಕಿಟಕಿಗಳನ್ನೆಲ್ಲ ಮುಚ್ಚುವುದಾದರೆ, ಇಷ್ಟು ಸಲೀಸಾದ ರಕ್ಷಣೆ ಇನ್ನೊಂದಿರಲಿಲ್ಲ. ಕುಕಿ, ಹಿಸ್ಟರಿ ಎರಡೂ ಕಿಟಕಿಯೊಂದಿಗೇ ಹೋಗುತ್ತವೆ. ಆದರೆ ಇಳಿಸಿಕೊಂಡ ಕಡತ ಹೋಗುವುದಿಲ್ಲ, ಕೀಲಾಗರ್ ಇದ್ದರೆ ಅದಕ್ಕೆ ಇದರಿಂದ ಏನೂ ಆಗುವುದಿಲ್ಲ, ನೀವು ಹೋದ ತಾಣಗಳಿಗೆ ನೀವು ಕಾಣದಿರುವುದೂ ಇಲ್ಲ. ಈ ಕೊನೆಯ ವಿಷಯದಲ್ಲಿ ಬಳಕೆದಾರರನ್ನು ತಪ್ಪುದಾರಿಗೆ ಎಳೆಯಲಾಗಿದೆ ಎಂದು ಅಮೆರಿಕದಲ್ಲಿ 2020ರಲ್ಲಿ ದಾಖಲಾದ ಮೊಕದ್ದಮೆಯನ್ನು ಗೂಗಲ್ 2024ರಲ್ಲಿ ರಾಜಿ ಮಾಡಿಕೊಂಡು, ಸಂಗ್ರಹಿಸಿದ್ದ ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಒಪ್ಪಿತು.

ನಮ್ಮ ಎಣಿಕೆಯಲ್ಲಿ ಆ ದಶಕದ ಅತ್ಯುತ್ತಮ ಕೆಲಸ ಇನ್‌ಕಾಗ್ನಿಟೊ ಅಲ್ಲ. 2008ರ ಜುಲೈನಲ್ಲಿ ಜಿಮೇಲ್ ತನ್ನ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಸೇರಿಸಿತು: ಈ ಖಾತೆ ಇನ್ನೆಲ್ಲಿ ತೆರೆದಿದೆ, ಕೊನೆಯ ಚಟುವಟಿಕೆ ಯಾವಾಗ. ಜೊತೆಗೆ ಉಳಿದ ಕಡೆಯೆಲ್ಲ ಒಮ್ಮೆಲೇ ಲಾಗೌಟ್ ಮಾಡುವ ಗುಂಡಿ. ಧಾರವಾಡದ ಸೈಬರಿನಲ್ಲಿ ಮರೆತುಬಂದ ಖಾತೆಯನ್ನು ಬೆಳಗಾವಿಯಲ್ಲಿ ಕೂತು ಮುಚ್ಚುವ ಶಕ್ತಿ ಮೊದಲ ಸಲ ಸಿಕ್ಕಿತು. ಮನುಷ್ಯ ಮರೆಯುತ್ತಾನೆ ಎಂಬುದನ್ನು ಒಪ್ಪಿಕೊಂಡು ರೂಪಿಸಿದ ಸೌಲಭ್ಯ ಅದು. 2011ರಲ್ಲಿ ಎರಡು ಹಂತದ ಪರಿಶೀಲನೆ ಬಂದ ಮೇಲೆ ಕದ್ದ ಪಾಸ್‌ವರ್ಡೊಂದೇ ಸಾಲದಾಯಿತು. 2010ರ ಅಕ್ಟೋಬರಿನಲ್ಲಿ ಫೈರ್‌ಶೀಪ್ ಎಂಬ ಪುಟ್ಟ ತಂತ್ರಾಂಶ, ತೆರೆದ ವೈಫೈನಲ್ಲಿ ಪಕ್ಕದವರ ಕುಕಿ ಹಿಡಿದು ಅವರ ಫೇಸ್‌ಬುಕ್ಕಿಗೆ ನುಗ್ಗುವುದು ಎಷ್ಟು ಸುಲಭವೆಂದು ಜಗತ್ತಿಗೇ ತೋರಿಸಿ ದೊಡ್ಡ ಕಂಪನಿಗಳನ್ನು ನಾಚಿಸಿತು; ತಾಣಗಳೆಲ್ಲ ಗೂಢಲಿಪಿಗೆ ಹೊರಳಲು ಅದೂ ಒಂದು ಒದೆತ.

ಹೀಗೆ ತಂತಿ ಭದ್ರವಾಗುತ್ತಿದ್ದಾಗಲೇ ಕುರ್ಚಿಯ ಕಡೆ ಹಿನ್ನಡೆಯಾಯಿತೆಂಬುದನ್ನು ಗಮನಿಸಬೇಕು. ಸಾರ್ವಜನಿಕ ಕಂಪ್ಯೂಟರುಗಳಿಗೆಂದೇ ಮೈಕ್ರೋಸಾಫ್ಟ್ ಸ್ಟೆಡಿಸ್ಟೇಟ್ ಎಂಬ ಉಚಿತ ಸಾಧನ ಕೊಟ್ಟಿತ್ತು. ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಹಿಂದೆ ಕೂತವರು ಮಾಡಿದ್ದೆಲ್ಲ ಅಳಿಸಿ ಮೊದಲಿನಂತಾಗುತ್ತಿತ್ತು. ಲೈಬ್ರರಿ, ಶಾಲೆ, ಸೈಬರುಗಳಿಗೆ ಹೇಳಿ ಮಾಡಿಸಿದ ಸಾಧನ. 2010ರ ಕೊನೆಗೆ ಅದನ್ನು ಕೈಬಿಟ್ಟರು. 2015ರ ವಿಂಡೋಸ್ 10 ಬರುವಾಗ ಅದುವರೆಗೆ ಇದ್ದ ಅತಿಥಿ ಖಾತೆಯನ್ನೂ ತೆಗೆದರು. 2018ರ ಸೆಪ್ಟೆಂಬರಿನ ಕ್ರೋಮ್ 69ನೇ ಆವೃತ್ತಿಯಲ್ಲಿ ಜಿಮೇಲ್ ತೆರೆದರೆ ಸಾಕು, ಬ್ರೌಸರೇ ಆ ಹೆಸರಿಗೆ ಲಾಗಿನ್ ಆಗತೊಡಗಿತು. ಗಲಾಟೆಯಾದ ಮೇಲೆ ಮುಂದಿನ ಆವೃತ್ತಿಯಲ್ಲಿ ಬೇಡವೆನ್ನುವ ಆಯ್ಕೆ ಕೊಟ್ಟರು. ಒಂದು ಯಂತ್ರಕ್ಕೆ ಒಬ್ಬರೇ ಯಜಮಾನರು ಎಂಬ 1999ರ ಕಲ್ಪನೆ ಹೀಗೆ ಇನ್ನಷ್ಟು ಗಟ್ಟಿಯಾಗಿ ಮರಳಿತು.

2016ರಲ್ಲಿ ಎರಡು ಸಂಗತಿ ನಡೆದವು. ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ ತನ್ನ ಎಲ್ಲ ಬಳಕೆದಾರರ ಮಾತುಕತೆಯನ್ನೂ ಎರಡು ತುದಿಗಳ ನಡುವೆ ಯಾರೂ ಓದಲಾಗದ ಗೂಢಲಿಪಿಗೆ ಬದಲಿಸಿತು. ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಬೆಲೆ ನೆಲಕ್ಕಿಳಿಯಿತು. ಸೈಬರುಗಳು ಒಂದೊಂದಾಗಿ ಶಟರ್ ಎಳೆದವು. ಪ್ರತಿಯೊಬ್ಬರ ಜೇಬಿನಲ್ಲೂ ಸ್ವಂತ ಯಂತ್ರ, ಅದರೊಳಗೆ ಗಟ್ಟಿ ಬೀಗ. ಸಮಸ್ಯೆ ಮುಗಿಯಿತೆಂದು ಪಂಡಿತರೂ ನಂಬಿದರು. ಅಷ್ಟು ಹೊತ್ತಿಗೆ, ಫೋನಿನ ಮಾತುಕತೆಯನ್ನು ಕಂಪ್ಯೂಟರಿನ ಬ್ರೌಸರಿನಲ್ಲೂ ತೆರೆಯುವ ವಾಟ್ಸ್‌ಆ್ಯಪ್ ವೆಬ್ ಬಂದು ಒಂದು ವರ್ಷದ ಮೇಲಾಗಿತ್ತು.

ಇವತ್ತು ಯಾವುದೇ ತಾಲ್ಲೂಕು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ‘ಪಿಡಿಎಫ್ ಇದೆಯಾ? ಈ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿ ಸರ್.’ ಕೌಂಟರಿನ ಕಂಪ್ಯೂಟರಿನಲ್ಲಿ ಅಂಗಡಿಯ ವಾಟ್ಸ್‌ಆ್ಯಪ್ ದಿನವಿಡೀ ತೆರೆದಿರುತ್ತದೆ. ಕ್ರಯಪತ್ರ, ರಕ್ತಪರೀಕ್ಷೆಯ ವರದಿ, ಮಗಳ ಜಾತಕ, ಕೋರ್ಟಿನ ನೋಟಿಸು, ಎಲ್ಲವೂ ಗಿರಾಕಿಯ ಹೆಸರು, ನಂಬರು, ಡಿಪಿ ಸಮೇತ ಅಲ್ಲಿ ಸಾಲುಗಟ್ಟಿ ನಿಂತಿವೆ. ಎರಡು ರೂಪಾಯಿಯ ಪ್ರಿಂಟಿಗೆ ಬಂದ ಕಡತ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ಅಂಗಡಿಯವರು ಕೆಟ್ಟವರೆಂದಲ್ಲ, ಅಳಿಸುತ್ತ ಕೂರಲು ಅವರಿಗೆ ಪುರಸೊತ್ತೆಲ್ಲಿ, ಹಿಂದೆ ಇಪ್ಪತ್ತು ಜನ ನಿಂತಿರುವಾಗ? ನಂಬರು ಕೊಡಲೊಲ್ಲದ ಜಾಣರು ತಮ್ಮದೇ ವಾಟ್ಸ್‌ಆ್ಯಪ್ಪನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ ತೆರೆಯುತ್ತಾರೆ. ಅದು ಇನ್ನೂ ಅಪಾಯ. ಮೊದಲು ಕಂಪ್ಯೂಟರಿನಲ್ಲಿ ಕಾಣುತ್ತಿದ್ದುದು ಫೋನಿನ ಪ್ರತಿಬಿಂಬ ಮಾತ್ರ, ಫೋನ್ ಆಫ್ ಆದರೆ ಅದೂ ಇಲ್ಲ. 2021ರ ಬದಲಾವಣೆಯ ನಂತರ ಒಂದು ಖಾತೆಗೆ ನಾಲ್ಕು ಸಾಧನ ಜೋಡಿಸಬಹುದು; ಇತ್ತೀಚಿನ ಮಾತುಕತೆಯ ಪ್ರತಿಯೇ ಅಲ್ಲಿಗೆ ಇಳಿಯುತ್ತದೆ, ಫೋನ್ ಮನೆಗೆ ಹೋದರೂ ಅದು ತೆರೆದೇ ಇರುತ್ತದೆ. ಫೋನನ್ನೇ 14 ದಿನ ಬಳಸದಿದ್ದರೆ ತಾನಾಗಿ ಕಳಚಿಕೊಳ್ಳುತ್ತದೆ ಎಂದು ಕಂಪನಿ ಹೇಳುತ್ತದೆ. ಫೋನನ್ನು ದಿನಾ ಬಳಸುವವರಿಗೆ ಆ ಗಡುವಿನಿಂದ ಏನು ಪ್ರಯೋಜನ? ಗೂಢಲಿಪಿ ಬಿಡಿಸಿ ಓದುವ ಜಾಗಗಳಲ್ಲಿ ಅಂಗಡಿಯ ಕೌಂಟರೂ ಒಂದಾದ ಮೇಲೆ ನಡುವಿನ ಬೀಗ ಎಷ್ಟು ಗಟ್ಟಿಯಿದ್ದರೂ ಒಂದೇ. ಫೋನಿನಲ್ಲಿ ‘ಲಿಂಕ್ಡ್ ಡಿವೈಸಸ್’ ಎಂಬ ಪಟ್ಟಿ ತೆರೆದರೆ ಎಲ್ಲೆಲ್ಲಿ ಜೋಡಣೆ ಉಳಿದಿದೆಯೆಂದು ಕಾಣುತ್ತದೆ, ಅಲ್ಲಿಂದಲೇ ಕಳಚಲೂಬಹುದು. ಜಿಮೇಲ್ 2008ರಲ್ಲಿ ಹಾಕಿಕೊಟ್ಟ ದಾರಿಯೇ ಅದು. ಪಟ್ಟಿ ಇದೆಯೆಂದು ಗೊತ್ತಿರುವವರು ಕಡಿಮೆ.

ಇದರ ಬಗ್ಗೆ ಅಧಿಕೃತ ಬಾಯೊಂದು ಒಮ್ಮೆ ಎಚ್ಚರಿಸಿತ್ತು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿ, ಇ-ಆಧಾರ್ ಇಳಿಸಿಕೊಳ್ಳಲು ಸೈಬರ್, ಕಿಯೋಸ್ಕುಗಳ ಸಾರ್ವಜನಿಕ ಕಂಪ್ಯೂಟರ್ ಬಳಸಬೇಡಿ, ಬಳಸಿದರೆ ಇಳಿಸಿದ ಪ್ರತಿಗಳನ್ನೆಲ್ಲ ಶಾಶ್ವತವಾಗಿ ಅಳಿಸಿ ಎಂದಿತು. ಆಧಾರ್ ನಕಲನ್ನು ಸಿಕ್ಕವರಿಗೆಲ್ಲ ಕೊಡಬೇಡಿ ಎಂದೂ ಅದರಲ್ಲಿತ್ತು. ದೇಶದಾದ್ಯಂತ ಗದ್ದಲವಾಯಿತು, ತಪ್ಪಾಗಿ ಅರ್ಥೈಸುವ ಸಾಧ್ಯತೆ ಇದೆಯೆಂದು ಮೇ 29ರಂದೇ ಕೇಂದ್ರ ಅದನ್ನು ಹಿಂಪಡೆಯಿತು. ಪ್ರಕಟಣೆಯಲ್ಲಿ ತಪ್ಪೇನೂ ಇರಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಮುಜುಗರ ಇದ್ದದ್ದು ಬೇರೆ ಕಡೆ. ಅದೇ ವರ್ಷದ ಜನವರಿಯಲ್ಲಿ ರಾಜ್ಯ ಸರ್ಕಾರ ಹಳ್ಳಿಗಳಲ್ಲಿ ಸರ್ಕಾರಿ ಸೇವೆ ಕೊಡುವ ಗ್ರಾಮ ಒನ್ ಕೇಂದ್ರಗಳನ್ನು ತೆರೆಯತೊಡಗಿತ್ತು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಹೆಣ್ಣುಮಕ್ಕಳು ಸಾಲುಗಟ್ಟಿ ನಿಂತದ್ದು ಗ್ರಾಮ ಒನ್, ಕರ್ನಾಟಕ ಒನ್, ಬಾಪೂಜಿ ಸೇವಾ ಕೇಂದ್ರಗಳ ಎದುರಿಗೆ. ಸರ್ಕಾರವೇ ಜನರನ್ನು ಹಂಚಿಕೊಂಡ ಕಂಪ್ಯೂಟರಿನ ಮುಂದೆ ಕರೆತಂದು ನಿಲ್ಲಿಸುವಾಗ, ಅದನ್ನು ಬಳಸಬೇಡಿ ಎನ್ನುವ ಪ್ರಕಟಣೆ ಯಾರಿಗೆ ಬೇಕು?

ಆಫೀಸಿನ ಲ್ಯಾಪ್‌ಟಾಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಕಂಪನಿಯದು, ಅದರಲ್ಲಿ ಏನು ನಡೆಯುತ್ತದೆಂದು ನೋಡುವ ತಂತ್ರಾಂಶ ಕಂಪನಿಯ ಕೈಲಿರುತ್ತದೆ, ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಅದಕ್ಕೆ ಒಪ್ಪಿಗೆಯೂ ಇರುತ್ತದೆ. ಬೆಂಗಳೂರಿನ ಟೆಕ್ಕಿಗಳು ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲರು, ಆದರೂ ಮಧ್ಯಾಹ್ನದ ಊಟದ ಹೊತ್ತಿಗೆ ಅದರಲ್ಲೇ ವಾಟ್ಸ್‌ಆ್ಯಪ್ ವೆಬ್ ತೆರೆದು ಮ್ಯಾನೇಜರನ್ನು ಬೈಯುತ್ತಾರೆ.

ಕಷ್ಟದ ಜಾಗ ಮನೆ. ‘ಮನೆಯಲ್ಲಿ ಎಂಥ ಗುಟ್ಟು’ ಎಂದು ಕೇಳುವ ಸಮಾಜ ನಮ್ಮದು. 2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠಕ್ಕೆಂದು ಅಮ್ಮನ ಫೋನು ಮಗನ ಕೈಗೆ ಹೋಯಿತು, ಅಪ್ಪನ ಲ್ಯಾಪ್‌ಟಾಪು ಮಗಳ ಮೇಜಿಗೆ ಬಂತು. ಆಮೇಲೆ ಅವು ಪೂರ್ತಿ ಹಿಂತಿರುಗಲಿಲ್ಲ. ಪಾಠದ ನಡುವೆ ಪರದೆಯ ಮೂಲೆಯಲ್ಲಿ ಚಿಕ್ಕಮ್ಮನ ಮೆಸೇಜು ಇಣುಕುತ್ತದೆ: ಅತ್ತೆಯ ಬಗ್ಗೆ, ಸಾಲದ ಬಗ್ಗೆ, ಡಾಕ್ಟರು ಹೇಳಿದ್ದರ ಬಗ್ಗೆ. ಮಕ್ಕಳು ಓದಲು ಕಲಿತಿರುತ್ತಾರಲ್ಲ. ಇದು ಹಗುರದ ತೊಂದರೆ. ಗಂಡ ಹೊಡೆಯುತ್ತಾನೆಂದು ತವರಿಗೆ ತಿಳಿಸಬೇಕಾದ, ಅಥವಾ ಸಹಾಯವಾಣಿಗೆ ಬರೆಯಬೇಕಾದ ಹೆಂಗಸಿಗೆ ಮನೆಯ ಕಂಪ್ಯೂಟರೇ ಎಲ್ಲಕ್ಕಿಂತ ಅಪಾಯದ ಕಂಪ್ಯೂಟರು. ಅವಳ ಫೋನು ಎರಡು ನಿಮಿಷ ಬೇರೆಯವರ ಕೈಗೆ ಸಿಕ್ಕಿದರೂ ಸಾಕು, ಅದನ್ನು ಇನ್ನೊಂದು ಪರದೆಗೆ ಜೋಡಿಸಿಬಿಡಬಹುದು. ಹಿಸ್ಟರಿ ಅಳಿಸಿದರೆ ಅಳಿಸಿದ್ದೇಕೆ ಎಂಬ ಪ್ರಶ್ನೆ ಬರುತ್ತದೆ. ಇಂಥವರಿಗೆ ‘ಲಾಗೌಟ್ ಮಾಡಿ, ಅಳಿಸಿ’ ಎಂಬ ಬುದ್ಧಿಮಾತು ಅರ್ಧದಷ್ಟೂ ಸಾಲದು. ಗ್ರಂಥಾಲಯದ, ಗೆಳತಿಯ, ಎನ್‌ಜಿಒ ಕಚೇರಿಯ ಯಂತ್ರವೇ ಅವರಿಗೆ ಹೆಚ್ಚು ಕ್ಷೇಮ. ಸಾರ್ವಜನಿಕ ಕಂಪ್ಯೂಟರು ಕೆಲವರ ಪಾಲಿಗೆ ಆಶ್ರಯವೂ ಹೌದೆಂಬುದನ್ನು 2011ರ ನಿಯಮ ಬರೆದವರು ಯೋಚಿಸಿದ್ದರೆ ನಾಲ್ಕೂವರೆ ಅಡಿಯ ಜೊತೆಗೆ ಇನ್ನೊಂದು ಸಾಲು ಸೇರುತ್ತಿತ್ತೇನೋ.

ನ್ಯಾಯಾಲಯಗಳು ಮನೆಯ ಹೊಸ್ತಿಲಿನ ಮೇಲೆ ನಿಂತು ಎರಡೂ ಕಡೆ ನೋಡುತ್ತಿವೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ತೀರ್ಪಿಗೆ ಹೆಸರು ಬಂದದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಎಂಬತ್ತು ದಾಟಿದ ವಯಸ್ಸಿನಲ್ಲಿ 2012ರಲ್ಲಿ ಅರ್ಜಿ ಹಾಕಿದ ಅವರು 2024ರಲ್ಲಿ ತೀರಿಕೊಂಡರು. ಮದುವೆಯಾದ ಮಾತ್ರಕ್ಕೆ ಒಬ್ಬರ ಖಾಸಗಿತನದ ಹಕ್ಕು ಮಸುಕಾಗುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ 2023ರ ನವೆಂಬರಿನಲ್ಲಿ ಹೇಳಿತು. ಅದು ಗಂಡನ ಆಧಾರ್ ವಿವರವನ್ನು ಹೆಂಡತಿ ಕೇಳಿದ ಪ್ರಕರಣ. 2025ರ ಜುಲೈ 14ರಂದು, ಕನ್ನಡಿಗರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಗಂಡ ಹೆಂಡಿರಲ್ಲಿ ಒಬ್ಬರು ಇನ್ನೊಬ್ಬರಿಗೆ ತಿಳಿಯದಂತೆ ಧ್ವನಿಮುದ್ರಿಸಿಕೊಂಡ ಫೋನ್ ಮಾತನ್ನು ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದಿತು. ಒಬ್ಬರ ಮೇಲೊಬ್ಬರು ಬೇಹುಗಾರಿಕೆ ಮಾಡುವ ಹಂತಕ್ಕೆ ಬಂದ ದಾಂಪತ್ಯ ಆಗಲೇ ಮುರಿದಿರುತ್ತದೆ ಎಂಬ ತರ್ಕದಲ್ಲಿ ಹುರುಳಿದೆ. ಆದರೂ ನಾಳೆ ಹಂಚಿಕೊಂಡ ಲ್ಯಾಪ್‌ಟಾಪಿನಿಂದ ತೆಗೆದ ಚಾಟಿನ ಸ್ಕ್ರೀನ್‌ಶಾಟುಗಳು ಕೌಟುಂಬಿಕ ನ್ಯಾಯಾಲಯಗಳಿಗೆ ಕಂತೆಗಟ್ಟಲೆ ಬರಲು ಇದು ಕುಮ್ಮಕ್ಕಾದೀತು ಎಂಬ ಅಳುಕು ನಮಗಿದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮನೆಯ ಹೊಸ್ತಿಲು ದಾಟುವುದಿಲ್ಲ. ವೈಯಕ್ತಿಕ ಅಥವಾ ಮನೆಬಳಕೆಯ ಉದ್ದೇಶಕ್ಕೆ ವ್ಯಕ್ತಿಯೊಬ್ಬರು ನಡೆಸುವ ವ್ಯವಹಾರವನ್ನು ಅದು ಹೊರಗಿಟ್ಟಿದೆ. ಅದು ಸರಿಯೇ, ಅಡುಗೆಮನೆಯ ಟ್ಯಾಬ್ಲೆಟ್ಟಿಗೆ ದೆಹಲಿಯ ದತ್ತಾಂಶ ಮಂಡಳಿ ಬೇಡ. ಅಂಗಡಿ ಮತ್ತು ಸೇವಾ ಕೇಂದ್ರಗಳ ಮಾತು ಬೇರೆ. ದತ್ತಾಂಶ ಇಟ್ಟುಕೊಂಡವರು ತಕ್ಕ ಭದ್ರತಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿಯವರೆಗೆ ದಂಡವೆಂದು ಕಾಯ್ದೆ ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದಿವೆ, ಮುಖ್ಯ ಕರ್ತವ್ಯಗಳ ಜಾರಿಗೆ ಹದಿನೆಂಟು ತಿಂಗಳ ಅವಧಿ ಇದೆ. ಅಂದರೆ 2027ರ ಮೇವರೆಗೆ ಕಾಲಾವಕಾಶ. ಝೆರಾಕ್ಸ್ ಅಂಗಡಿಯ ಬಡಪಾಯಿಗೆ ಕೋಟಿಗಳ ದಂಡ ತೋರಿಸುವುದು ಹಾಸ್ಯಾಸ್ಪದ, ಅದರಿಂದ ಡೌನ್‌ಲೋಡ್ಸ್ ಫೋಲ್ಡರು ಖಾಲಿಯಾಗುವುದೂ ಇಲ್ಲ.

ಆಗಬೇಕಾದ ಕೆಲಸ ಸಣ್ಣದು, ತಂತ್ರಜ್ಞಾನವೂ ಹಳೆಯದು. ಸೇವಾ ಕೇಂದ್ರದ ಕಂಪ್ಯೂಟರು ಪ್ರತಿ ಗಿರಾಕಿ ಎದ್ದಾಗ ಹಿಂದಿನದನ್ನು ತಾನೇ ಮರೆಯುವಂತೆ ಮಾಡುವುದು ಸ್ಟೆಡಿಸ್ಟೇಟ್ ಇದ್ದ 2007ರಲ್ಲೇ ಸಾಧ್ಯವಿತ್ತು. ಈಗ ಕ್ರೋಮಿನ ಅತಿಥಿ ಕಿಟಕಿಯೂ ಆ ಕೆಲಸದ ಬಹುಪಾಲನ್ನು ಮಾಡುತ್ತದೆ. ಡೌನ್‌ಲೋಡ್ಸ್ ಫೋಲ್ಡರನ್ನು ರಾತ್ರಿ ಖಾಲಿ ಮಾಡಲು ನಾಲ್ಕು ಸಾಲಿನ ಆದೇಶ ಸಾಕು. ಗಿರಾಕಿಯ ಕಡೆಗೂ ಪರದೆಯ ಮುಖ ತಿರುಗಿದ್ದು, ತಮ್ಮ ಕಡತ ಅಳಿದದ್ದನ್ನು ಅವರು ಕಣ್ಣಾರೆ ನೋಡುವಂತಿರಬೇಕು. ಫೋನಿನಲ್ಲೇ ಬೆರಳಚ್ಚು ಕೊಟ್ಟು ಲಾಗಿನ್ ಆಗುವ ಪಾಸ್‌ಕೀ ಈಚೆಗೆ ಬಂದಿರುವುದರಿಂದ, ಬೇರೆಯವರ ಕೀಬೋರ್ಡಿನಲ್ಲಿ ಪಾಸ್‌ವರ್ಡ್ ಒತ್ತುವ ಅಗತ್ಯವೇ ಕ್ರಮೇಣ ತಪ್ಪಬಹುದು. ಹಾಗೆ ತೆರೆದ ಖಾತೆಯನ್ನು ಮುಚ್ಚುವ ಅಗತ್ಯವಂತೂ ತಪ್ಪದು. ಇವನ್ನೆಲ್ಲ ಗ್ರಾಮ ಒನ್, ಕರ್ನಾಟಕ ಒನ್ ನಿರ್ವಾಹಕರ ಜೊತೆಗಿನ ಒಪ್ಪಂದದಲ್ಲಿ ಒಂದು ಷರತ್ತಾಗಿ ಸೇರಿಸಬಹುದು, ಬಿಲ್ಲು ಪಾಸಾಗುವುದನ್ನು ಅದಕ್ಕೆ ಜೋಡಿಸಬಹುದು. ಇದಕ್ಕೆ ದೆಹಲಿಯ ಅನುಮತಿ ಬೇಕಿಲ್ಲ, 2027ರವರೆಗೆ ಕಾಯಬೇಕಾಗಿಯೂ ಇಲ್ಲ. ವಿಧಾನಸೌಧದಿಂದ ಒಂದು ಸುತ್ತೋಲೆ ಹೊರಟರೆ ಸಾಕು.